ಆಮೆ ಅಂಗಿಯಿಂದ ಉಂಟಾದ ನೆಂಟಸ್ತಿಕೆಯ ಕುರಿತು

ಇಲಾಖಾ ಉಪ ಕಚೇರಿ, ನೀರು ಮತ್ತು ಮೀಟರು ವಿಭಾಗ
ಲಂಬಾಸ, ಫಿಜಿ

ಸಂಖ್ಯೆ: ನೀ.ಮೀ.ಲಂ/ಸಿಬ್ಬಂದಿ/ಖಾಸಗಿ/ಆಮೆ-1
(ಈ ವಿಷಯದಲ್ಲಿ ಹಿಂದೆ ಹೊರಡಿಸಿದ ಎಲ್ಲ ಸುತ್ತೋಲೆಗಳನ್ನು ರದ್ದುಪಡಿಸಿದೆ. ಹಿಂದೆ ಯಾವುದಾದರೂ ಹೊರಡಿಸಲಾಗಿತ್ತೇ ಎಂಬುದು ಪತ್ತೆಯಾಗಿರುವುದಿಲ್ಲ.)

ಸುತ್ತೋಲೆ

ವಿಷಯ: ಸಹೋದ್ಯೋಗಿಗಳ ಮನೆ, ಮಂದಿ, ಊಟ, ಉಡುಪು, ಕುಣಿತ ಇತ್ಯಾದಿಗಳು ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಲ್ಲಿ ಅನುಸರಿಸಬೇಕಾದ ಕ್ರಮ, ಹಾಗೂ ಕೌಂಟರ್ ಗುಮಾಸ್ತೆ ಕುಮಾರಿ ಮಕೆರೆತಾ ತುಕಾನಾ ಅವರ ವರ್ಗಾವಣೆ ಕುರಿತು.

ಉಲ್ಲೇಖ: 1) ಪ್ರಭಾರ ಅಧಿಕಾರಿಯವರು ಸುವಾ ಪ್ರಧಾನ ಕಚೇರಿಗೆ ಸಲ್ಲಿಸಿದ ವರ್ಗಾವಣೆ ಪ್ರಸ್ತಾವನೆ.
2) ಶನಿವಾರ ನಡೆದದ್ದು.
3) ಚಾಲಕ ಅಪಿಸಾಯ್ ಅವರ ಬಾಯಿ.

ಪ್ರಸ್ತಾವನೆ

ಈ ಉಪ ಕಚೇರಿಯ ಪ್ರಭಾರ ಅಧಿಕಾರಿ ಶ್ರೀ ಅಂಗಮುತ್ತು ಮುದಲಿಯಾರ್ ಅವರು (ಇನ್ನು ಮುಂದೆ 'ಪ್ರಭಾರ ಅಧಿಕಾರಿ') ಕಳೆದ ಶನಿವಾರದವರೆಗೆ ಮನೆ ಮಠ, ನೆಂಟರು ಇಷ್ಟರು ಯಾವುದೂ ಇಲ್ಲದ ಅಪ್ಪಟ ಅಧಿಕಾರಿಯಾಗಿದ್ದರೆಂಬುದು ಸಿಬ್ಬಂದಿಯ ಸರ್ವಾನುಮತದ ಅಭಿಪ್ರಾಯವಾಗಿತ್ತು. ಅವರು ಬೆಳಿಗ್ಗೆ ಕಚೇರಿಯ ಬೀರುವಿನಿಂದ ಹೊರಬರುತ್ತಾರೆ, ಸಂಜೆ ಅದರೊಳಗೇ ಹೋಗಿ ನಿಂತುಕೊಳ್ಳುತ್ತಾರೆ ಎಂಬ ಮಾತೂ ಚಾಲ್ತಿಯಲ್ಲಿತ್ತು. ಈ ಮಾತನ್ನು ಹುಟ್ಟಿಸಿದವರು ಕುಮಾರಿ ಮಕೆರೆತಾ ತುಕಾನಾ ಎಂಬುದು ಪ್ರಭಾರ ಅಧಿಕಾರಿಯವರಿಗೆ ತಿಳಿದಿತ್ತು. ಬೀರು ಕೌಂಟರಿನ ಪಕ್ಕದಲ್ಲೇ ಇದೆ.

ಸದರಿ ಕುಮಾರಿಯವರ ಮೇಲಿನ ದೂರು ಒಂದೇ: ಮಾತು. ನೀರಿನ ಬಿಲ್ಲು ಕಟ್ಟಲು ಬಂದವರ ತಾಯಿಯ ಮಂಡಿನೋವು, ತಮ್ಮನ ನೌಕರಿ, ಹಸುವಿನ ಹೆರಿಗೆ ಎಲ್ಲವನ್ನೂ ವಿಚಾರಿಸಿದ ಮೇಲಷ್ಟೇ ಅವರು ರಸೀದಿ ಹರಿಯುತ್ತಾರೆ. ಸರದಿ ಸಾಲು ಗೇಟು ದಾಟಿ ರಸ್ತೆಗೆ ಬಂದು, ಒಮ್ಮೆ ಎದುರಿನ ಬೇಕರಿಯ ಸಾಲಿನೊಂದಿಗೆ ಬೆರೆತು, ಬ್ರೆಡ್ಡು ಕೊಳ್ಳಲು ಬಂದವರೊಬ್ಬರು ಬೇರೆಯವರ ನೀರಿನ ಬಿಲ್ಲು ಕಟ್ಟಿ ಹೋದದ್ದುಂಟು. ಆದ್ದರಿಂದ ಸದರಿ ಕುಮಾರಿಯವರನ್ನು ಪೂರ್ವದ ಹೊರದ್ವೀಪದ ಪಂಪ್ ಹೌಸಿಗೆ ವರ್ಗಾಯಿಸುವಂತೆ ಪ್ರಭಾರ ಅಧಿಕಾರಿಯವರು ಪ್ರಸ್ತಾವನೆ ಸಲ್ಲಿಸಿದ್ದರು. ಅಲ್ಲಿ ಒಂದು ಪಂಪು ಹಾಗೂ ಎರಡು ಆಡುಗಳಿವೆ. ಗ್ರಾಹಕರು ಇರುವುದಿಲ್ಲ. ಹಡಗು ತನಗೆ ಮನಸ್ಸು ಬಂದಾಗ ಹೋಗುತ್ತದೆ. ಉಪ ನಿರ್ದೇಶಕ ಶ್ರೀ ಸೈಮೋನೆ ಕೊರೋಯ್ ಅವರು ಈ ಶುಕ್ರವಾರ ಸುವಾದಿಂದ ಬಂದು ಆದೇಶಕ್ಕೆ ಸಹಿ ಹಾಕುವುದೆಂದು ನಿಗದಿಯಾಗಿತ್ತು.

ಹೀಗಿರುವಲ್ಲಿ ಶನಿವಾರ ಬಂತು.

ಭಾಗ ಒಂದು
(ಸೋಮವಾರ, ಬಾಗಿಲು ಹಾಕಿಕೊಂಡು ಬರೆಸಿದ್ದು)

1. ಈ ಸುತ್ತೋಲೆಯ ಉದ್ದೇಶಕ್ಕಾಗಿ 'ಖಾಸಗಿ ಸಂಗತಿ' ಎಂದರೆ, ನೌಕರರೊಬ್ಬರು ಶುಕ್ರವಾರ ಸಂಜೆ ಕಚೇರಿಯ ಗೇಟು ದಾಟಿದ ಕ್ಷಣದಿಂದ ಸೋಮವಾರ ಬೆಳಿಗ್ಗೆ ಅದೇ ಗೇಟನ್ನು ಒಳಮುಖವಾಗಿ ದಾಟುವವರೆಗೆ ಮಾಡಿದ, ತಿಂದ, ತೊಟ್ಟ, ಹಾಡಿದ, ನಕ್ಕ ಅಥವಾ ಅತ್ತ ಯಾವುದೇ ಕಾರ್ಯ. ಗೊರಕೆಯೂ ಖಾಸಗಿ ಸಂಗತಿಯೇ. ಕಚೇರಿ ವೇಳೆಯಲ್ಲಿನ ಗೊರಕೆ ಮಾತ್ರ ಇಲಾಖೆಯ ಸ್ವತ್ತು.

2. ವಾರದ ರಜೆಯಲ್ಲಿ ಇಬ್ಬರು ನೌಕರರು ಮಾರುಕಟ್ಟೆಯಲ್ಲಿ ಎದುರುಬದುರಾದಲ್ಲಿ ಇಬ್ಬರೂ ಕೂಡಲೇ ಬದನೆಕಾಯಿಯ ಕಡೆ ನೋಡತಕ್ಕದ್ದು. ಬದನೆಕಾಯಿ ಇಲ್ಲದ ದಿನಗಳಲ್ಲಿ ಬೆಂಡೆಕಾಯಿಯನ್ನು ನೋಡಲು ಅನುಮತಿಯಿದೆ. ಇಬ್ಬರೂ ಒಂದೇ ಬದನೆಕಾಯಿಯನ್ನು ನೋಡಿದ ಪರಿಣಾಮವಾಗಿ ಕಣ್ಣಿಗೆ ಕಣ್ಣು ಕೂಡಿದಲ್ಲಿ, ಕೆಳದರ್ಜೆಯ ನೌಕರರು ಮೊದಲು ಕಣ್ಣು ಮುಚ್ಚತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.

3. ಸಹೋದ್ಯೋಗಿಯ ಊಟದ ಡಬ್ಬಿಯ ಮುಚ್ಚಳವನ್ನು ಮಾತ್ರ ನೋಡಲು ಅವಕಾಶವಿರುತ್ತದೆ. ಒಳಗೆ ಕಣ್ಣು ಹಾಯಿಸಿ "ಇವತ್ತೂ ಡಬ್ಬದ ಮೀನೇನಾ, ಸಾರ್?" ಎಂದು ಕನಿಕರದಿಂದ ಕೇಳುವುದನ್ನು ನಿಷೇಧಿಸಲಾಗಿದೆ. ವಾಸನೆ ಎಂಬುದು ನೋಟದ ವ್ಯಾಪ್ತಿಗೆ ಬರುವುದಿಲ್ಲವೆಂದು ಚಾಲಕ ಅಪಿಸಾಯ್ ಅವರು ವಾದಿಸಿದ್ದು, ವಾದದಲ್ಲಿ ಹುರುಳಿರುವುದರಿಂದ ಒಂದು ಬಾರಿ ಮೂಗೆಳೆದುಕೊಳ್ಳಲು ಅನುಮತಿಸಲಾಗಿದೆ. ಎರಡನೇ ಬಾರಿ ಎಳೆದುಕೊಂಡಲ್ಲಿ ಪಾಲು ಕೇಳಿದಂತೆ ಎಂದು ಭಾವಿಸಲಾಗುವುದು.

4. ಇಲಾಖಾ ವಾಹನವು ನೌಕರರ ಮನೆಗಳ ಮುಂದೆ ಹಾದುಹೋಗುವಾಗ, ತಂತಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡುವ ಸಲುವಾಗಿ ವೇಗ ತಗ್ಗಿಸತಕ್ಕದ್ದಲ್ಲ. ಪ್ರಭಾರ ಅಧಿಕಾರಿಯವರ ಬನಿಯನ್ನಿನಲ್ಲಿ ತೂತುಗಳಿವೆಯೆಂಬ ಮಾಹಿತಿ ಮೀಟರು ಓದುವವರಿಂದ ಹಿಡಿದು ಸಕ್ಕರೆ ಗಿರಣಿಯ ಗೇಟಿನವರೆಗೆ ತಲುಪಿದೆ. ಬನಿಯನ್ನನ್ನು ಬದಲಾಯಿಸಲಾಗಿದೆ. ಹಾಗೆಂದು ಮಾಹಿತಿಯನ್ನು ಒಪ್ಪಿಕೊಂಡಂತಾಗುವುದಿಲ್ಲ.

5. ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುವಾಗ ನೌಕರರ ದನಿ ಮೆತ್ತಗಾಗುವುದು ಸಹಜ. ಆದರೆ ಫೋನು ಇಟ್ಟ ಕೂಡಲೇ ದನಿಯನ್ನು ಮೊದಲಿನ ಮಟ್ಟಕ್ಕೆ ತರತಕ್ಕದ್ದು. ಬೆರಳಚ್ಚುಗಾರ್ತಿ ಶ್ರೀಮತಿ ಬಿಮ್ಲಾ ವತಿ ಅವರು ಮಗುವಿನೊಂದಿಗೆ ಮಾತು ಮುಗಿಸಿ, ಅದೇ ದನಿಯಲ್ಲಿ ಗಿರಣಿಯ ದಢೂತಿ ಮೇಸ್ತ್ರಿಯೊಬ್ಬರಿಗೆ "ಹೂಂ ಚಿನ್ನಾ, ಏನು ಬೇಕು?" ಎಂದಿದ್ದಾರೆ. ಸದರಿ ಮೇಸ್ತ್ರಿ ಈಗ ಬಿಲ್ಲು ಇರಲಿ ಬಿಡಲಿ ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕುಳಿತು ಹೋಗುತ್ತಿದ್ದಾರೆ.

(ಬೆರಳಚ್ಚುಗಾರ್ತಿಯ ಆಕ್ಷೇಪಣೆ: "ಇದನ್ನ ನನ್ ಕೈಲೇ ಟೈಪ್ ಮಾಡಿಸ್ತಿದೀರಲ್ಲ ಸಾಹೇಬ್ರೇ, ನಿಮಗೆ ಮನಸ್ಸಾದ್ರೂ ಹೆಂಗ್ ಬಂತು?" ಆಕ್ಷೇಪಣೆಯನ್ನು ದಾಖಲಿಸಿಕೊಂಡು ತಿರಸ್ಕರಿಸಲಾಗಿದೆ.)

6. ಶನಿವಾರದ ಘಟನೆಯನ್ನು ಕಂಡವರೆಲ್ಲರೂ ಅದನ್ನು ಕಂಡಿಲ್ಲವೆಂದು ಭಾವಿಸತಕ್ಕದ್ದು. ಕಾಣದವರು ಕಂಡವರಿಂದ ಕೇಳತಕ್ಕದ್ದಲ್ಲ. ಈಗಾಗಲೇ ಕೇಳಿದವರು ಮರೆಯತಕ್ಕದ್ದು. ಮರೆತ ಬಗ್ಗೆ ಮಧ್ಯಾಹ್ನದೊಳಗೆ ವರದಿ ಸಲ್ಲಿಸತಕ್ಕದ್ದು. ವರದಿಯಲ್ಲಿ ಏನನ್ನು ಮರೆಯಲಾಗಿದೆ ಎಂಬುದನ್ನು ವಿವರವಾಗಿ ಬರೆಯತಕ್ಕದ್ದು.

ಭಾಗ ಎರಡು
(ಬುಧವಾರ. ಆರನೇ ಕಂಡಿಕೆಯಡಿ ಬಂದ ವರದಿಗಳು ಒಂದಕ್ಕಿಂತ ಒಂದು ಉತ್ಪ್ರೇಕ್ಷಿತವಾಗಿದ್ದರಿಂದ, ನಿಜವಾಗಿ ನಡೆದದ್ದನ್ನು ದಾಖಲಿಸುವುದು ಅನಿವಾರ್ಯವಾಗಿದೆ)

7. ಮದುವೆ, ಸಾವು, ದೊಡ್ಡ ಹುಟ್ಟುಹಬ್ಬಗಳಿಗೆ ಒಂದು ಕುಟುಂಬದವರೆಲ್ಲ ಒಂದೇ ಥಾನಿನ ಬಟ್ಟೆ ತಂದು ಅಂಗಿ, ಲಂಗ, ರವಿಕೆ ಹೊಲಿಸಿ ತೊಡುವುದಕ್ಕೆ 'ಕಲವಾತ' ಎನ್ನುತ್ತಾರೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ಬಟ್ಟೆ ಮೈಮೇಲಿದ್ದರೆ ನೀನು ಮನೆಯವನು. ನಿನ್ನ ಮುಖವನ್ನು ಯಾರೂ ನೋಡುವುದಿಲ್ಲ. ಪ್ರಭಾರ ಅಧಿಕಾರಿಯವರಿಗೂ ಇದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಇಷ್ಟೇ: ಶುಕ್ರವಾರದಂದು ಎಲ್ಲರೂ ಹೂವಿನಂಗಿ ತೊಡಬೇಕೆಂಬ ನಿಯಮವನ್ನು ತಾವೊಬ್ಬರೇ ಪಾಲಿಸುತ್ತಿಲ್ಲವೆಂದು ಮೇಲಿನವರು ಗದರಿದ್ದಕ್ಕೆ ಅವಸರದಲ್ಲಿ ಕೊಂಡ ಸಿದ್ಧ ಅಂಗಿ, ಯಾರದೋ ಮದುವೆಗೆ ಹರಿದು ಉಳಿದ ಥಾನಿನಿಂದ ದರ್ಜಿ ಹೊಲಿದು ತೂಗುಹಾಕಿದ್ದಾಗಿತ್ತು. ನೇರಳೆ ಬಣ್ಣ, ಅದರ ತುಂಬ ಕಿತ್ತಳೆ ಬಣ್ಣದ ಆಮೆಗಳು, ಪ್ರತಿ ಆಮೆಯ ಬೆನ್ನ ಮೇಲೆ ಒಂದು ದಾಸವಾಳ. ಮದುವೆ ಯಾರದೆಂದರೆ, ಕುಮಾರಿ ಮಕೆರೆತಾ ಅವರ ದೊಡ್ಡಕ್ಕನ ಮಗಳದು.

8. ಶನಿವಾರ ಬೆಳಿಗ್ಗೆ ಪ್ರಭಾರ ಅಧಿಕಾರಿಯವರು ಸದರಿ ಅಂಗಿಯಲ್ಲೇ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರು. ಅಂಗಿ ಹೊಸದು, ಮೈಗೆ ಹಾಯೆನಿಸಿತ್ತು, ಅದಕ್ಕೇ ತೊಟ್ಟಿದ್ದರು, ಬೇರೆ ಕಾರಣವಿಲ್ಲ. ಆಗ ಒಂದು ಲಾರಿ ಬಂದು ನಿಂತಿತು. ಲಾರಿಯ ತುಂಬ ನೇರಳೆ ಬಟ್ಟೆ, ಕಿತ್ತಳೆ ಆಮೆ. ನಡುವೆ ಚಾಪೆಯ ಮೇಲೆ ಕುಳಿತಿದ್ದ ಬುಬು ಅಸೆನಾಥಾ (ಬುಬು ಎಂದರೆ ಅಜ್ಜಿ, ಇವರು ಕುಮಾರಿ ಮಕೆರೆತಾ ಅವರ ಅಜ್ಜಿ, ಊರಿಗೆಲ್ಲ ಅಜ್ಜಿ) ಕೂಗಿದ ಮಾತುಗಳನ್ನು ಸಾಕ್ಷಿಗಳು ಒಕ್ಕೊರಲಿನಿಂದ ದೃಢಪಡಿಸಿದ್ದಾರೆ:

"ಏಯ್, ನೀನೊಬ್ಬ ಹಿಂದೆ ಉಳ್ಕೊಂಡ್ಯೇನೋ! ಅಲ್ಲಿ ಮದುವೆ ಮುಗೀತಾ ಬಂತು, ಇವನು ಬದನೇಕಾಯಿ ಹಿಸುಕ್ತಾ ನಿಂತಿದಾನೆ! ಹಿಡ್ಕೋ ಈ ಹಗ್ಗ. ಹತ್ತು, ಹತ್ತು!"

ಹಗ್ಗದ ಇನ್ನೊಂದು ತುದಿಯಲ್ಲಿ ಹಂದಿಯಿತ್ತು. ಹಗ್ಗ ಕೈಗೆ ಬಂದ ಮೇಲೆ ಹಂದಿಯನ್ನು ನಡುರಸ್ತೆಯಲ್ಲಿ ಬಿಟ್ಟು ಓಡಿಹೋಗುವುದು ಜವಾಬ್ದಾರಿಯುತ ಅಧಿಕಾರಿಗೆ ಶೋಭಿಸುವುದಿಲ್ಲ. ಆದ್ದರಿಂದ ಹತ್ತಲಾಯಿತು.

9. ಲಾರಿ ಓಡಿಸುತ್ತಿದ್ದವರು ಇದೇ ಕಚೇರಿಯ ಚಾಲಕ ಅಪಿಸಾಯ್. ಮದುಮಗನ ಕಡೆಯಿಂದ ಅವರೂ ನೆಂಟರು. ಅಪಿಸಾಯ್ ಅವರು ನೆಂಟರಲ್ಲದ ಮನೆಯನ್ನು ಈ ಕಚೇರಿ ಇನ್ನೂ ಪತ್ತೆ ಹಚ್ಚಬೇಕಾಗಿದೆ. ಗುರುತು ಹಿಡಿದೂ ಸುಮ್ಮನಿದ್ದದ್ದೇಕೆಂದು ಕೇಳಿದ್ದಕ್ಕೆ ಅವರು ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ: "ನಾನೇನ್ ಮಾಡ್ಲಿ ಸಾರ್? ಬುಬು ಹತ್ತು ಅಂದ್ರೆ ಮಂತ್ರಿಗಳೂ ಹತ್ತಬೇಕು. ಕನ್ನಡಿಲಿ ನೋಡ್ದೆ. ನೀವು ಹಂದೀಗೆ 'ಸರಿಯಾಗಿ ನಿಂತ್ಕೊಳ್ಳಿ' ಅಂತ ಬಹುವಚನದಲ್ಲಿ ಹೇಳ್ತಿದ್ರಿ. ನಗು ತಡ್ಕೊಂಡು ಗಾಡಿ ಓಡ್ಸೋದೇ ಕಷ್ಟ ಆಗೋಯ್ತು, ಇನ್ನು ನಿಲ್ಲಿಸೋದೆಲ್ಲಿ?"

10. ನದಿಯಾಚೆಯ ಹಳ್ಳಿಯಲ್ಲಿ ಲಾರಿಯಿಂದ ಇಳಿದ ಪ್ರಭಾರ ಅಧಿಕಾರಿಯವರನ್ನು ಕಂಡು ಕುಮಾರಿ ಮಕೆರೆತಾ ಅವರ ಕೈಯಲ್ಲಿದ್ದ ಮರಗೆಣಸಿನ ತಟ್ಟೆ ಜಾರಿತು. "ಸಾರ್... ಆರ್ಡರು ಇಲ್ಲಿಗೇ ತಂದುಬಿಟ್ರಾ? ಹುಡುಗೀನ ಕಳಿಸಿಕೊಡೋ ತನಕನಾದ್ರೂ ತಡೀಬಾರದಿತ್ತಾ?" ಎಂದರು. ಆದೇಶದ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ವಾರವಿಡೀ ಕೌಂಟರಿನಲ್ಲಿ ನಗುನಗುತ್ತ ಹಸುವಿನ ಹೆರಿಗೆ ವಿಚಾರಿಸುತ್ತಿದ್ದರೆಂಬುದು ಆ ಕ್ಷಣದಲ್ಲಿ ಪ್ರಭಾರ ಅಧಿಕಾರಿಯವರ ಗಮನಕ್ಕೆ ಬಂತು. "ಕುಮಾರಿ ತುಕಾನಾ, ಮೊದಲು ಈ ಹಂದೀನ ಯಾರಿಗೆ ಒಪ್ಪಿಸಬೇಕು ಹೇಳಿ" ಎಂದಷ್ಟೇ ಹೇಳಲು ಸಾಧ್ಯವಾಯಿತು.

11. ಇಲ್ಲಿ ಒಂದು ಮುಖ್ಯ ಅಂಶವನ್ನು ದಾಖಲಿಸಲಾಗಿದೆ. ಕುಮಾರಿ ಮಕೆರೆತಾ ಅವರು ತಮ್ಮ ಮನೆಯಲ್ಲಿ ಮಾತಾಡುವುದಿಲ್ಲ. ಮಾತಾಡಲು ಬಿಡುವುದಿಲ್ಲ. ಅವರಿಗೆ ಅಕ್ಕಂದಿರ ದಂಡೇ ಇದ್ದು, ಇವರು ಎಲ್ಲರಿಗಿಂತ ಕಿರಿಯವರು. ತಲೆಯಲ್ಲಿ ನರೆ ಬಂದಿದ್ದರೂ ಆ ಮನೆಗೆ ಇವರಿನ್ನೂ ಚಿಕ್ಕ ಹುಡುಗಿ. ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬ ಅಕ್ಕ "ಸುಮ್ನಿರೇ ಪುಟ್ಟಿ, ದೊಡ್ಡೋರು ಮಾತಾಡ್ತಿದೀವಿ" ಎನ್ನುತ್ತಾರೆ. ಇವರು ಬಾಯಿ ಮುಚ್ಚುತ್ತಾರೆ. ಮತ್ತೆ ತೆರೆಯುತ್ತಾರೆ. "ಪುಟ್ಟೀ!" ಮತ್ತೆ ಮುಚ್ಚುತ್ತಾರೆ. ಕೌಂಟರಿನ ಮುಂದೆ ಸಾಲು ಏಕೆ ಬೆಳೆಯುತ್ತದೆಂದು ಗಡಿಯಾರ ಹಿಡಿದು ಕುಳಿತಿದ್ದ ಪ್ರಭಾರ ಅಧಿಕಾರಿಯವರಿಗೆ ಆ ಚಾಪೆಯ ಮೇಲೆ ಕುಳಿತಾಗ ಉತ್ತರ ದೊರೆಯಿತು. ಇಡೀ ಲಂಬಾಸದಲ್ಲಿ ಆಕೆಗೆ ಮಾತಾಡಲು ಇದ್ದ ಜಾಗ ಆ ಕೌಂಟರು ಒಂದೇ. ಅದನ್ನೇ ಕಿತ್ತುಕೊಂಡು ಎರಡು ಆಡುಗಳ ಮುಂದೆ ನಿಲ್ಲಿಸಲು ಹೊರಟದ್ದು ಯಾರು ಎಂಬುದು ಕಡತದಲ್ಲಿದೆ.

12. ತರುವಾಯದ ಸಂಗತಿಗಳನ್ನು ಚುಟುಕಾಗಿ ನಮೂದಿಸಲಾಗಿದೆ. ಮದುಮಗಳ ಸೋದರಮಾವ ಬರಬೇಕಾಗಿದ್ದ ಹಡಗು ಬಂದಿರಲಿಲ್ಲ. ಅಂಗಿ ಸರಿಯಾಗಿದ್ದ ಗಂಡಸೊಬ್ಬರು ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದರು. ಬುಬು ಅವರು ಸದರಿ ಗಂಡಸನ್ನು ಎಳೆದು ಮುಂದಿನ ಚಾಪೆಯ ಮೇಲೆ ಕೂರಿಸಿ "ಇವನೇ ಮಾವ" ಎಂದು ಘೋಷಿಸಿದರು. ಕರಟದಲ್ಲಿ ಕಾವಾ (ಬೇರು ಅರೆದು ಮಾಡಿದ, ತುಟಿಗೆ ಜೋಮು ಹಿಡಿಸುವ ಪಾನೀಯ) ಬಂತು. ಚಪ್ಪಾಳೆ ತಟ್ಟಿ ಕುಡಿಯಲಾಯಿತು. ಮತ್ತೆ ಬಂತು. ತುಟಿ ಎಲ್ಲಿದೆಯೆಂದು ತಿಳಿಯದಂತಾದಾಗ ಹುಡುಗಿಯನ್ನು ಒಪ್ಪಿಸಿಕೊಡುವ ಮಾತು ಆಡಬೇಕೆಂದು ತಿಳಿಸಲಾಯಿತು. ಪ್ರಭಾರ ಅಧಿಕಾರಿಯವರಿಗೆ ಬರುವುದು ಒಂದೇ ಭಾಷೆ. ಅವರು ಎದ್ದು ನಿಂತು ಹೀಗೆಂದರು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಹುಡುಗಿಯನ್ನು ಮುಂದಿನ ಸೂಕ್ತ ಕ್ರಮಕ್ಕಾಗಿ ಗಂಡಿನ ಕಡೆಗೆ ರವಾನಿಸಲಾಗಿದೆ. ಸುಸ್ಥಿತಿಯಲ್ಲಿ ತಲುಪಿದ ಬಗ್ಗೆ ಸ್ವೀಕೃತಿ ನೀಡತಕ್ಕದ್ದು. ಯಾವುದೇ ಕಾರಣಕ್ಕೂ ಹಿಂದಿರುಗಿಸತಕ್ಕದ್ದಲ್ಲ. ಕಣ್ಣೀರು ತರಿಸಿದಲ್ಲಿ ಮಾವ ಸ್ಥಳ ಪರಿಶೀಲನೆಗೆ ಬರುವನು."

ಜನ ಬಿದ್ದು ಬಿದ್ದು ನಕ್ಕರು. ಗಂಡಿನ ಕಡೆಯ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, ಇಂಥ ಮಾವನನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಕೇಳಿದರು. ಮದುಮಗಳು ಬಂದು ಕಾಲ ಬಳಿ ಕುಳಿತಳು. ಆಮೇಲೆ ಕುಣಿತ. ಬುಬು ಅವರು ಕೈ ಹಿಡಿದೆಳೆದರೆ ಕುಣಿಯುವುದಿಲ್ಲವೆನ್ನಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಕುಣಿಯುವವರ ತಲೆಗೆ ಪೌಡರು ಸುರಿಯುವುದು ವಾಡಿಕೆ. ಪ್ರಭಾರ ಅಧಿಕಾರಿಯವರ ತಲೆಗೆ ಎರಡು ಡಬ್ಬಿ ಖಾಲಿಯಾಯಿತು. ಅವರು ನಕ್ಕರೆಂದೂ ವರದಿಯಾಗಿದೆ. ವರದಿ ನಿಜ.

13. ಊಟದ ಹೊತ್ತಿನಲ್ಲಿ ಬುಬು ಅವರು "ಮನೇಲಿ ಯಾರ್ಯಾರಿದಾರಪ್ಪಾ?" ಎಂದು ಕೇಳಿದರು. "ಯಾರೂ ಇಲ್ಲ ಅಜ್ಜಿ. ಊಟಕ್ಕೆ ಕೂತಾಗ ರೇಡಿಯೋ ಹಾಕ್ಕೋತೀನಿ, ಯಾರಾದ್ರೂ ಮಾತಾಡ್ತಾ ಇರ್ಲಿ ಅಂತ" ಎಂಬ ಉತ್ತರ ಪ್ರಭಾರ ಅಧಿಕಾರಿಯವರ ಬಾಯಿಂದ ಪೂರ್ವಾನುಮತಿಯಿಲ್ಲದೆ ಹೊರಬಂತು. ಇದನ್ನು ಕುಮಾರಿ ಮಕೆರೆತಾ ಕೇಳಿಸಿಕೊಂಡರು. ಬೀರುವಿನ ಕಥೆ ಕಟ್ಟಿದ ಬಾಯಿ ಅದು. ಒಂದು ಮಾತೂ ಆಡಲಿಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ದೊಡ್ಡ ತುಂಡನ್ನು ಆರಿಸಿ ತಂದು ತಟ್ಟೆಗೆ ಹಾಕಿ, ಮುಳ್ಳು ಬಿಡಿಸಿಕೊಟ್ಟು, ಹೋದರು. ಸದರಿ ತುಂಡನ್ನು ಚೂರೂ ಬಿಡದೆ ತಿನ್ನಲಾಯಿತು.

14. ಸೋಮವಾರದಿಂದ ಕಚೇರಿಯ ಶಿಸ್ತು ಪೂರ್ತಿ ಹಳ್ಳ ಹಿಡಿದಿದೆ. ಮೀಟರು ಓದುವವರು ಪ್ರಭಾರ ಅಧಿಕಾರಿಯವರನ್ನು 'ಮಾವ' ಎನ್ನುತ್ತಿದ್ದಾರೆ. ಮೊದಲು ಕೊಠಡಿಯ ಮುಂದೆ ತುದಿಗಾಲಲ್ಲಿ ಸಾಗುತ್ತಿದ್ದವರು ಈಗ ಒಳಗೆ ಇಣುಕಿ "ಪೌಡರ್ ಹೋಯ್ತಾ ಸಾರ್, ಕಿವಿ ಹಿಂದೆ ಇನ್ನೂ ಇದೆ" ಎನ್ನುತ್ತಾರೆ. ಎಲ್ಲಕ್ಕಿಂತ ಗಂಭೀರವಾದದ್ದು: ಕುಮಾರಿ ಮಕೆರೆತಾ ಅವರು ಕೌಂಟರಿನಿಂದಲೇ ಕೂಗಿ "ಸಾರ್, ತಿಂಡಿ ಆಯ್ತಾ?" ಎಂದು ಕೇಳಿದರು, ಪ್ರಭಾರ ಅಧಿಕಾರಿಯವರು "ಆಯ್ತಮ್ಮಾ, ನಿಮ್ದು?" ಎಂದುಬಿಟ್ಟರು. ಸಾಲಿನಲ್ಲಿದ್ದ ಗ್ರಾಹಕರು ಚಪ್ಪಾಳೆ ತಟ್ಟಿದರು.

15. ಪ್ರಸ್ತಾವನೆಯನ್ನು ಹಿಂಪಡೆಯಲು ಮಂಗಳವಾರ ಪ್ರಯತ್ನಿಸಲಾಯಿತು. ಸಲ್ಲಿಸಿದ ಪ್ರಸ್ತಾವನೆಯನ್ನು ಸಲ್ಲಿಸಿದವರೇ ಹಿಂಪಡೆಯಲು ಬರುವುದಿಲ್ಲವೆಂಬ ನಿಯಮವಿದೆ. ಈ ನಿಯಮ ಬೇಕೆಂದು ಹಿಂದೊಮ್ಮೆ ಹಟ ಹಿಡಿದು ಸುವಾಕ್ಕೆ ಬರೆದವರು ಪ್ರಭಾರ ಅಧಿಕಾರಿಯವರೇ. ಉಪ ನಿರ್ದೇಶಕರು ಫೋನಿನಲ್ಲಿ ಹೇಳಿದ್ದು: "ಕಳಿಸಿದ ಮೇಲೆ ಕಳಿಸಿದ್ದೇ ಕಣಯ್ಯಾ ಮುದಲಿಯಾರ್. ಶುಕ್ರವಾರ ಬರ್ತೀನಿ, ಸಹಿ ಹಾಕ್ತೀನಿ, ಮಧ್ಯಾಹ್ನದ ವಿಮಾನಕ್ಕೆ ಹೊರಡ್ತೀನಿ. ಊಟಕ್ಕೇನು?" ಫೋನು ಇಟ್ಟು ಪ್ರಭಾರ ಅಧಿಕಾರಿಯವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ತಮ್ಮ ಕೈಯಾರೆ ಕಟ್ಟಿದ ಗಂಟನ್ನು ಬಿಚ್ಚಲು ಆಗದೆ ಅವರಿಗೆ ಅಳು ಬಂದಿದ್ದು ನಿಜ. ಕಂಡ ಬಿಮ್ಲಾ ವತಿ ಅವರು ಚಹಾ ತಂದಿಟ್ಟು, ಎರಡನೇ ಕಂಡಿಕೆಯ ಪ್ರಕಾರ ಕಿಟಕಿಯಾಚೆ ನೋಡುತ್ತ ನಿಂತರು. ಕಿಟಕಿಯಾಚೆ ಬದನೆಕಾಯಿ ಇರಲಿಲ್ಲ.

16. (ಕೈಬಿಡಲಾಗಿದೆ.)

ಭಾಗ ಮೂರು
(ಶುಕ್ರವಾರ ಸಂಜೆ)

17. ಸೇವಾ ನಿಯಮಗಳ ಹಳೆಯ ಪುಸ್ತಕದಲ್ಲಿ, ಇಲಿ ತಿಂದು ಉಳಿದ ಪುಟದಲ್ಲಿ, ಈ ಕೆಳಗಿನ ಸಾಲು ದೊರೆಯಿತು: "ಯಾವನೇ ಅಧಿಕಾರಿಯು ತನ್ನ ನೆಂಟರ ಕಡತದ ಮೇಲೆ ಕ್ರಮ ಕೈಗೊಳ್ಳತಕ್ಕದ್ದಲ್ಲ." ನೆಂಟರು ಎಂದರೆ ಯಾರು ಎಂಬ ವ್ಯಾಖ್ಯೆಯಿದ್ದ ಭಾಗವನ್ನು ಇಲಿ ತಿಂದಿದೆ. ಹೀಗಾಗಿ ಊರ ವಾಡಿಕೆಯೇ ಅನ್ವಯಿಸುತ್ತದೆ.

18. ಈ ಸಾಲನ್ನು ಪ್ರಭಾರ ಅಧಿಕಾರಿಯವರು ಯಾರಿಗೂ ಹೇಳಲಿಲ್ಲ. ಬಿಮ್ಲಾ ವತಿ ಅವರಿಗೆ ಮಾತ್ರ ಹೇಳಿದರು. ಆಕೆ ಅಪಿಸಾಯ್ ಅವರಿಗೆ ಮಾತ್ರ ಹೇಳಿದರು. ಗುರುವಾರ ಸಂಜೆಯ ಹೊತ್ತಿಗೆ ಪಟ್ಟಣದ ಯಾವ ಅಂಗಡಿಯಲ್ಲೂ ಆಮೆ ಬಟ್ಟೆಯ ಒಂದು ಗೇಣು ಉಳಿದಿರಲಿಲ್ಲ.

19. ಶುಕ್ರವಾರ ಬೆಳಿಗ್ಗೆ ಕಚೇರಿ ನೇರಳೆಯಾಗಿತ್ತು. ಬಿಮ್ಲಾ ವತಿ ಅವರು ಆಮೆ ರವಿಕೆಯಲ್ಲಿದ್ದರು. ಮೀಟರು ಓದುವವರು, ಕಾವಲುಗಾರರು, ಕೊಳಾಯಿ ರಿಪೇರಿಯವರು ಆಮೆ ಅಂಗಿಗಳಲ್ಲಿದ್ದರು. ಬೀರುವಿಗೂ ಪರದೆ ಹೊಲಿಸಲಾಗಿತ್ತು. ಗಿರಣಿಯ ಮೇಸ್ತ್ರಿ ಬೆಂಚಿನ ಮೇಲೆ ಆಮೆಗಳೊಡನೆ ಕುಳಿತಿದ್ದು, ಅವರಿಗೂ ಈ ಕಡತಕ್ಕೂ ಏನು ಸಂಬಂಧವೆಂದು ವಿಚಾರಿಸಲಾಗಿ "ನನ್ನನ್ನ ಚಿನ್ನಾ ಅಂದಿದಾರೆ" ಎಂದು ಉತ್ತರಿಸಿದರು.

20. ಉಪ ನಿರ್ದೇಶಕರು ಕಾರಿನಿಂದ ಇಳಿದ ಕೂಡಲೇ ಗೇಟಿನಲ್ಲಿ ನಿಂತಿದ್ದ ಬುಬು ಅಸೆನಾಥಾ ಅವರು ಹಾರ ಹಾಕಿ, ಅಂಗಿಯೊಂದನ್ನು ಚಾಚಿದರು. ಹಿರಿಯರು ಕೊಟ್ಟ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವಂಥ ಸೊಕ್ಕಿನವರು ಈ ದ್ವೀಪಗಳಲ್ಲಿ ಇಲ್ಲ. ಅವರು ಅಲ್ಲಿಯೇ ತೊಟ್ಟರು. ಅಳತೆ ಸರಿಯಾಗಿತ್ತು, ಅಪಿಸಾಯ್ ಅವರಿಗೆ ಉಪ ನಿರ್ದೇಶಕರ ದರ್ಜಿಯೂ ನೆಂಟ. ಬಳಿಕ ಉಪ ನಿರ್ದೇಶಕರು ಕುರ್ಚಿಯಲ್ಲಿ ಕುಳಿತು, ಕಡತ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಕೌಂಟರಿನಲ್ಲಿ ಕುಮಾರಿ ಮಕೆರೆತಾ ಅವರು ಗ್ರಾಹಕರೊಬ್ಬರ ತಾಯಿಯ ಮಂಡಿನೋವನ್ನು ಅರ್ಧಕ್ಕೇ ನಿಲ್ಲಿಸಿದರು.

21. ಪ್ರಭಾರ ಅಧಿಕಾರಿಯವರು ಎದ್ದು ನಿಂತು ಇಲಿ ತಿಂದ ಪುಟವನ್ನು ಗಟ್ಟಿಯಾಗಿ ಓದಿದರು. ನಂತರ ನಡೆದ ಮಾತುಕತೆಯ ಅಧಿಕೃತ ನಡವಳಿ:

ಉಪ ನಿರ್ದೇಶಕರು: "ಸರಿ. ಇದನ್ನ ನನಗ್ಯಾಕೆ ಹೇಳ್ತಿದೀಯಾ? ನಾನ್ಯಾವಾಗ ಇವರಿಗೆ ನೆಂಟನಾದೆ?"

ಬುಬು: "ಈಗ ತಾನೇ. ಅಂಗಿ ಹಾಕ್ಕೊಂಡಾಗ."

ಉಪ ನಿರ್ದೇಶಕರು: "ಅದು... ಅಜ್ಜೀ, ಅದು ಬರೀ ಅಂಗಿ."

ಬುಬು: "ಬರೀ ಅಂಗಿನಾ? ಹಾಗಾದ್ರೆ ಬಿಚ್ಚು. ಬಿಚ್ಚಪ್ಪಾ, ನೋಡೋಣ. ನನ್ನ ಕಣ್ಣೆದುರಿಗೆ ಬಿಚ್ಚು. ನಿನ್ನ ಅಮ್ಮನಿಗೆ ನಾನೇ ಹೇಳ್ತೀನಿ, ಮಗ ಚೆನ್ನಾಗಿ ಬೆಳೆದಿದಾನೆ ಅಂತ."

ಉಪ ನಿರ್ದೇಶಕರು ಒಂದು ಗುಂಡಿಗೆ ಕೈ ಹಾಕಿದರು. ಸುತ್ತ ನೋಡಿದರು. ಎಲ್ಲೆಲ್ಲೂ ಆಮೆಗಳು ಅವರನ್ನೇ ನೋಡುತ್ತಿದ್ದವು. ಕೈ ತೆಗೆದರು. "ಬೇರೆ ಅಧಿಕಾರಿ ಯಾರಾದ್ರೂ ಇದಾರೇನಯ್ಯಾ, ನೆಂಟರಲ್ಲದೋರು?" ಎಂದು ಕೇಳಿದರು. ಇಲ್ಲವೆಂದು ತಿಳಿಸಲಾಯಿತು. "ಹಾಗಾದ್ರೆ ಊಟ ಹಾಕಿ" ಎಂದರು.

22. ಆದ್ದರಿಂದ, ಕುಮಾರಿ ಮಕೆರೆತಾ ತುಕಾನಾ ಅವರಿಗೆ ನೆಂಟರಲ್ಲದ ಅಧಿಕಾರಿಯೊಬ್ಬರು ಇಲಾಖೆಯಲ್ಲಿ ದೊರೆಯುವವರೆಗೆ ವರ್ಗಾವಣೆ ಕಡತವನ್ನು ಬೀರುವಿನಲ್ಲಿ ಇರಿಸಲು ಆದೇಶಿಸಲಾಗಿದೆ. ಇನ್ನು ಮುಂದೆ ಬರುವ ಪ್ರತಿ ಅಧಿಕಾರಿಗೂ ಗೇಟಿನಲ್ಲಿ ಅಂಗಿ ನೀಡುವ ಜವಾಬ್ದಾರಿಯನ್ನು ಚಾಲಕ ಅಪಿಸಾಯ್ ಅವರಿಗೆ ವಹಿಸಲಾಗಿದೆ.

23. ಭಾಗ ಒಂದರ ಎಲ್ಲ ಕಂಡಿಕೆಗಳನ್ನು ಹಿಂಪಡೆಯಲಾಗಿದೆ. ಕಂಡದ್ದನ್ನು ಕಂಡಿಲ್ಲವೆಂದು ಭಾವಿಸಲು ಪ್ರಭಾರ ಅಧಿಕಾರಿಯವರೇ ವಾರವಿಡೀ ಪ್ರಯತ್ನಿಸಿ ಸೋತಿದ್ದಾರೆ. ಡಬ್ಬಿಯೊಳಗೆ ಇಣುಕಬಹುದು. ಎರಡನೇ ಬಾರಿಯೂ ಮೂಗೆಳೆದುಕೊಳ್ಳಬಹುದು.

24. ಮುಂದಿನ ಮಂಗಳವಾರ ಮದುಮಗಳು ಗಂಡನೊಂದಿಗೆ ತವರಿಗೆ ಬರುತ್ತಿದ್ದು, ಸೋದರಮಾವ ಇರಲೇಬೇಕೆಂದು ಹೇಳಿಕಳುಹಿಸಲಾಗಿದೆ. ನಿಜವಾದ ಸೋದರಮಾವನ ಹಡಗು ಈಗ ಬಂದು ತಲುಪಿದೆಯಲ್ಲವೇ ಎಂದು ವಿಚಾರಿಸಲಾಗಿ, ಕುಮಾರಿ ಮಕೆರೆತಾ ಅವರು "ಅವನಿದ್ರೇನು ಸಾರ್, ಹುಡುಗಿ ನಿಮ್ಮನ್ನ ಕೇಳ್ತಿದಾಳೆ" ಎಂದಿದ್ದಾರೆ. ಸೇವೆಗೆ ಸೇರಿದಂದಿನಿಂದ ಒಂದು ದಿನವೂ ರಜೆ ಪಡೆಯದ ಪ್ರಭಾರ ಅಧಿಕಾರಿಯವರು ಆ ದಿನಕ್ಕೆ ರಜೆ ಕೋರಿರುತ್ತಾರೆ. ಕಾರಣ ಎಂಬಲ್ಲಿ 'ಮನೆಯಲ್ಲಿ ಕಾರ್ಯಕ್ರಮ' ಎಂದು ಬರೆಯಲಾಗಿದೆ. ಆ ಎರಡು ಪದಗಳನ್ನು ಅವರು ಈ ಹಿಂದೆ ಬೇರೆಯವರ ಅರ್ಜಿಗಳಲ್ಲಿ ಓದಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದದ್ದು ಬಿಟ್ಟರೆ, ಬರೆದು ಅಭ್ಯಾಸವಿಲ್ಲದ ಕಾರಣ ಒಮ್ಮೆ ತಪ್ಪಿ, ತಿದ್ದಿ ಬರೆಯಲಾಗಿದೆ. ಮಂಜೂರು ಮಾಡಬೇಕಾದವರೂ ತಾವೇ ಆಗಿದ್ದು, ಮಂಜೂರಾಗಿದೆ.

ಸಹಿ/-
(ಅಂಗಮುತ್ತು ಮುದಲಿಯಾರ್)
ಪ್ರಭಾರ ಅಧಿಕಾರಿ ಹಾಗೂ ಮಾವ

ಪ್ರತಿಗಳು:
1. ಉಪ ನಿರ್ದೇಶಕರು, ಸುವಾ – ಮಾಹಿತಿಗಾಗಿ. ತಾವು ಮರೆತು ಹೋದ ಪೆನ್ನಿನ ಮುಚ್ಚಳವನ್ನು ಲಗತ್ತಿಸಿದೆ.
2. ಬುಬು ಅಸೆನಾಥಾ – ಮೊಮ್ಮಕ್ಕಳಿಂದ ಓದಿಸಿಕೊಳ್ಳುವುದು. 'ಬಿಚ್ಚು' ಎಂಬ ಭಾಗವನ್ನು ಚರ್ಚಿನಲ್ಲಿ ಓದಿಸತಕ್ಕದ್ದಲ್ಲ.
3. ಚಾಲಕ ಅಪಿಸಾಯ್ – ಪ್ರತಿಯ ಅವಶ್ಯಕತೆಯಿಲ್ಲ, ಇವರು ಬಲ್ಲರು.
4. ಶ್ರೀಮತಿ ಬಿಮ್ಲಾ ವತಿ – ಐದನೇ ಕಂಡಿಕೆಗಾಗಿ ವಿಷಾದದೊಂದಿಗೆ.
5. ಕುಮಾರಿ ಮಕೆರೆತಾ ತುಕಾನಾ, ಕೌಂಟರು – ಓದಿಕೊಂಡು, ಈ ಬಗ್ಗೆ ತಮಗೆ ಹೇಳಬೇಕೆನಿಸಿದ್ದನ್ನೆಲ್ಲ ಬಾಯಿಮಾತಿನಲ್ಲಿ ಸವಿಸ್ತಾರವಾಗಿ ತಿಳಿಸುವುದು. ಕಾಲಮಿತಿ ಇರುವುದಿಲ್ಲ. ನಡುವೆ ಯಾರೂ ಬಾಯಿ ಹಾಕತಕ್ಕದ್ದಲ್ಲ.